ಓದುಗರ ಪ್ರಶ್ನೆ: ಪೊಟ್ಯಾಸಿಯಂ ನಾರ್ಮಲ್ ಇದ್ದರೂ ಡಿಕೆಎ ರೋಗಿಗೆ ಕೆಸಿಎಲ್ ಯಾಕೆ ಕೊಡುತ್ತಾರೆ?

ಪ್ರಶ್ನೆ: ಡಯಾಬಿಟಿಕ್ ಕೀಟೋಆಸಿಡೋಸಿಸ್ (ಡಿಕೆಎ: ಇನ್ಸುಲಿನ್ ಕೊರತೆಯಿಂದ ರಕ್ತದಲ್ಲಿ ಕೀಟೋನ್ ಎಂಬ ಆಮ್ಲಗಳು ತುಂಬಿಕೊಳ್ಳುವ ಸ್ಥಿತಿ) ಆಗಿದ್ದ ರೋಗಿಯ ಸೀರಂ (ರಕ್ತದ) ಪೊಟ್ಯಾಸಿಯಂ ಲೀಟರ್‌ಗೆ 4.8 ಎಂಇಕ್ಯು (ಮಿಲಿಇಕ್ವಿವಲೆಂಟ್) ಇತ್ತು. ಆದರೂ ಇನ್ಸುಲಿನ್ ಇನ್‌ಫ್ಯೂಷನ್ ಜೊತೆಗೇ ಸಲೈನ್‌ಗೆ ಪೊಟ್ಯಾಸಿಯಂ ಕ್ಲೋರೈಡ್ (ಕೆಸಿಎಲ್) ಸೇರಿಸಲು ಆರ್ಡರ್ ಬಂತು. ಇದರಿಂದ ಪೊಟ್ಯಾಸಿಯಂ ಅತಿಯಾಗುವುದಿಲ್ಲವೇ?

ಉತ್ತರ: ದೇಹದ ಪೊಟ್ಯಾಸಿಯಂನಲ್ಲಿ ಶೇ. 98ರಷ್ಟು ಇರುವುದು ಜೀವಕೋಶಗಳ ಒಳಗೆ. ಲ್ಯಾಬ್ ಅಳೆಯುವುದು ಹೊರಗಿರುವ ಉಳಿದ ಶೇ. 2ನ್ನು. ಡಿಕೆಎಯಲ್ಲಿ ಈ ಹೊರಗಿನ ಅಂಕಿ ನಾರ್ಮಲ್ ಆಗಿಯೋ ಹೆಚ್ಚಾಗಿಯೋ ಕಾಣುವಾಗಲೇ ಒಟ್ಟು ದಾಸ್ತಾನು ಕರಗಿರುತ್ತದೆ. ಸಾಮಾನ್ಯವಾಗಿ ಕೊರತೆ ಕೆ.ಜಿ. ತೂಕಕ್ಕೆ 3ರಿಂದ 5 ಎಂಇಕ್ಯು. 60 ಕೆ.ಜಿ. ರೋಗಿಯಲ್ಲಿ ಅದು 180ರಿಂದ 300 ಎಂಇಕ್ಯು ಆಗುತ್ತದೆ.

ಕೋಶದೊಳಗಿದ್ದದ್ದು ಹೊರಬಂದದ್ದು ಹೇಗೆ? ಕೋಶದ ಪೊರೆಯಲ್ಲಿರುವ ಸೋಡಿಯಂ-ಪೊಟ್ಯಾಸಿಯಂ ಪಂಪ್ ಚುರುಕಾಗಿ ಓಡಿ ಪೊಟ್ಯಾಸಿಯಂ ಒಳಹೋಗಲು ಇನ್ಸುಲಿನ್ ಬೇಕು. ಇನ್ಸುಲಿನ್ ಇಲ್ಲವಾದಾಗ ಪಂಪ್ ನಿಧಾನವಾಗುತ್ತದೆ. ಇತ್ತ ರಕ್ತದಲ್ಲಿ ಗ್ಲೂಕೋಸ್ ಏರಿ ಆಸ್ಮೋಲಾಲಿಟಿ (ಕರಗಿದ ಕಣಗಳ ಸಾಂದ್ರತೆ) ಹೆಚ್ಚಿ, ಕೋಶದೊಳಗಿನ ನೀರು ಹೊರಕ್ಕೆ ಸೆಳೆಯಲ್ಪಡುತ್ತದೆ; ನೀರಿನ ಜೊತೆ ಪೊಟ್ಯಾಸಿಯಂ ಕೂಡ ಬರುತ್ತದೆ. ಹೈಡ್ರೋಜನ್ ಒಳಗೆ ಹೋಗಿ ಪೊಟ್ಯಾಸಿಯಂ ಹೊರಗೆ ಬರುತ್ತದೆ ಎಂಬ ಒಂದೇ ಕಾರಣವನ್ನು ಬಹಳಷ್ಟು ವಿದ್ಯಾರ್ಥಿಗಳು ಬರೆಯುತ್ತಾರೆ. ಅದಕ್ಕೂ ಪಾಲಿದೆ, ಆದರೆ ಕೀಟೋಆಸಿಡ್‌ಗಳ ವಿಷಯದಲ್ಲಿ ಆ ಪಾಲು ಚಿಕ್ಕದು. ಪರೀಕ್ಷೆಯಲ್ಲಿ ಇನ್ಸುಲಿನ್ ಕೊರತೆ ಮತ್ತು ಆಸ್ಮೋಲಾಲಿಟಿಯನ್ನು ಮೊದಲು ಬರೆಯಿರಿ.

ಹೊರಬಂದ ಪೊಟ್ಯಾಸಿಯಂ ರಕ್ತದಲ್ಲೇ ನಿಲ್ಲುವುದಿಲ್ಲ. ರಕ್ತದ ಗ್ಲೂಕೋಸ್ ಸುಮಾರು 180 ಮಿ.ಗ್ರಾಂ/ಡೆ.ಲೀ. ದಾಟಿದರೆ ಅದು ಮೂತ್ರಕ್ಕೆ ಸೋರಿ ನೀರನ್ನೂ ಎಳೆದೊಯ್ಯುತ್ತದೆ. ಕೀಟೋನ್‌ಗಳು ಸೋಡಿಯಂ, ಪೊಟ್ಯಾಸಿಯಂಗಳನ್ನು ಜೊತೆಗೆ ಕರೆದುಕೊಂಡೇ ಹೊರಬೀಳುತ್ತವೆ. ನೀರು ಕಳೆದುಕೊಂಡ ದೇಹ ಆಲ್ಡೋಸ್ಟೀರಾನ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತದೆ. ಅದು ಸೋಡಿಯಂ ಉಳಿಸುತ್ತದೆ, ಪೊಟ್ಯಾಸಿಯಂ ಮಾತ್ರ ಇನ್ನಷ್ಟು ಹೋಗುತ್ತದೆ. ವಾಂತಿಯೂ ಇದ್ದರೆ ನಷ್ಟ ಮತ್ತೂ ಹೆಚ್ಚು.

ಈಗ ಇನ್ಸುಲಿನ್ ಗಂಟೆಗೆ ಕೆ.ಜಿ.ಗೆ 0.1 ಯೂನಿಟ್‌ನಂತೆ ಶುರುವಾಯಿತು ಎನ್ನಿ. ಪಂಪ್ ಮತ್ತೆ ಓಡುತ್ತದೆ, ಆಸಿಡೋಸಿಸ್ (ರಕ್ತದ ಆಮ್ಲೀಯತೆ) ಇಳಿಯುತ್ತದೆ, ಸಲೈನ್ ರಕ್ತವನ್ನು ತೆಳುಗೊಳಿಸುತ್ತದೆ, ಮೂತ್ರದ ಹರಿವೂ ಚೇತರಿಸುತ್ತದೆ. ನಾಲ್ಕೂ ಪೊಟ್ಯಾಸಿಯಂ ಅನ್ನು ಒಂದೇ ದಿಕ್ಕಿಗೆ, ಕೆಳಕ್ಕೇ ತಳ್ಳುತ್ತವೆ. 4.8 ಇದ್ದದ್ದು ಕೆಲವೇ ಗಂಟೆಗಳಲ್ಲಿ 3ಕ್ಕಿಂತ ಕೆಳಗಿಳಿಯಬಹುದು. ಆಗ ಬರುವ ಅರಿತ್ಮಿಯಾ (ಹೃದಯ ಬಡಿತದ ಏರುಪೇರು), ಉಸಿರಾಟದ ಸ್ನಾಯುಗಳ ನಿಶ್ಶಕ್ತಿ ಪ್ರಾಣಕ್ಕೇ ಕುತ್ತು ತರುತ್ತವೆ. ಚಿಕಿತ್ಸೆಯಿಂದಲೇ ಬರುವ, ಆದರೆ ಪೂರ್ತಿಯಾಗಿ ತಪ್ಪಿಸಬಹುದಾದ ಅಪಾಯ ಇದು.

ಆದ್ದರಿಂದ ನಿಯಮ ಹೀಗಿದೆ. ಸೀರಂ ಪೊಟ್ಯಾಸಿಯಂ 3.5ಕ್ಕಿಂತ ಕಡಿಮೆ ಇದ್ದರೆ ಇನ್ಸುಲಿನ್ ಶುರು ಮಾಡುವುದೇ ಇಲ್ಲ. ಗಂಟೆಗೆ 10-20 ಎಂಇಕ್ಯು ಪೊಟ್ಯಾಸಿಯಂ ಕೊಟ್ಟು ಆ ಗಡಿ ದಾಟಿಸಬೇಕು. (2009ರ ಅಮೆರಿಕನ್ ಮಾರ್ಗಸೂಚಿಯಲ್ಲಿ ಈ ಗಡಿ 3.3 ಇತ್ತು, 2024ರಲ್ಲಿ 3.5 ಆಯಿತು. ನಿಮ್ಮ ವಾರ್ಡಿನ ಪ್ರೊಟೋಕಾಲ್ ನೋಡಿಕೊಳ್ಳಿ.) 3.5ರಿಂದ 5.0 ಇದ್ದರೆ ಇನ್ಸುಲಿನ್ ಜೊತೆಗೆ ಪ್ರತಿ ಲೀಟರ್ ದ್ರವಕ್ಕೆ ಪ್ರೊಟೋಕಾಲ್ ಪ್ರಕಾರ 10ರಿಂದ 30 ಎಂಇಕ್ಯು ಸೇರಿಸಿ, ಮಟ್ಟವನ್ನು 4-5ರ ನಡುವೆ ಇಡುತ್ತಾರೆ. ನೀವು ಕೇಳಿದ ರೋಗಿ ಇಲ್ಲೇ ಬರುತ್ತಾರೆ. 5.0 ಮೀರಿದ್ದರೆ ಪೊಟ್ಯಾಸಿಯಂ ಬೇಡ. ಇನ್ಸುಲಿನ್ ಶುರು ಮಾಡಿ 2 ಗಂಟೆಗೊಮ್ಮೆ ಪರೀಕ್ಷಿಸುತ್ತಾರೆ.

ಕೊಡುವ ಮೊದಲು ಮೂತ್ರದ ಪ್ರಮಾಣ ನೋಡಿ: ಗಂಟೆಗೆ ಕೆ.ಜಿ.ಗೆ 0.5 ಮಿ.ಲೀ. ಆದರೂ ಇರಬೇಕು. ಇಲ್ಲದಿದ್ದರೆ ಕೊಟ್ಟ ಪೊಟ್ಯಾಸಿಯಂ ಹೊರಹೋಗಲು ದಾರಿಯಿಲ್ಲ, ಕೂಡಲೇ ವೈದ್ಯರಿಗೆ ತಿಳಿಸಬೇಕು. ಶೇ. 15ರ 10 ಮಿ.ಲೀ. ಆಂಪ್ಯೂಲ್‌ನಲ್ಲಿ ಸುಮಾರು 20 ಎಂಇಕ್ಯು ಇರುತ್ತದೆ, ಆದರೂ ಲೇಬಲ್ ಓದದೆ ಲೆಕ್ಕ ಹಾಕಬೇಡಿ. ಕೆಸಿಎಲ್ ಅನ್ನು ಎಂದೂ ನೇರವಾಗಿ ರಕ್ತನಾಳಕ್ಕೆ ಪುಷ್ ಮಾಡುವಂತಿಲ್ಲ, ಹೃದಯ ನಿಲ್ಲುತ್ತದೆ. ನೇತುಹಾಕಿದ ಬಾಟಲಿಗೆ ಚುಚ್ಚಿದರೆ ಅದು ತಳದಲ್ಲೇ ಕೂತು ಮೊದಲ ಕೆಲವು ನಿಮಿಷಗಳಲ್ಲಿ ಗಟ್ಟಿಯಾಗಿ ಇಳಿಯುತ್ತದೆ. ಹಾಗಾಗಿ ಬಾಟಲಿ ಕೆಳಗಿಳಿಸಿ, ಸೇರಿಸಿ, ಹಲವು ಬಾರಿ ತಲೆಕೆಳಗು ಮಾಡಿ ಬೆರೆಸಿ, ನಂತರ ಇನ್‌ಫ್ಯೂಷನ್ ಪಂಪ್‌ಗೆ ಹಾಕಿ. ಗಂಟೆಗೆ 10 ಎಂಇಕ್ಯು ಮೀರಿದರೆ ಕಾರ್ಡಿಯಾಕ್ ಮಾನಿಟರ್ ಬೇಕೇ ಬೇಕು. ಕ್ಯಾನುಲಾ ಜಾಗದಲ್ಲಿ ಉರಿ, ಊತ ಆಗಾಗ ನೋಡಿ.

ಮಾನಿಟರ್‌ನ ಇಸಿಜಿಯಲ್ಲಿ (ಹೃದಯದ ವಿದ್ಯುತ್ ಗ್ರಾಫ್) ಟಿ ಅಲೆ ಚಪ್ಪಟೆಯಾಗಿ ಯು ಅಲೆ ಮೂಡಿದರೆ ಪೊಟ್ಯಾಸಿಯಂ ಇಳಿಯುತ್ತಿದೆ. ಟಿ ಅಲೆ ಎತ್ತರಕ್ಕೆ ಚೂಪಾಗಿ, ಕ್ಯೂಆರ್‌ಎಸ್ ಎಂಬ ಅಲೆಗಳ ಗುಂಪು ಅಗಲವಾದರೆ ಏರುತ್ತಿದೆ; ಡ್ರಿಪ್ ನಿಲ್ಲಿಸಿ ಕರೆ ಮಾಡಿ. ರಿಪೋರ್ಟ್ ಏಕಾಏಕಿ ಹೆಚ್ಚು ತೋರಿಸಿ ಇಸಿಜಿ ಮಾತ್ರ ಸರಿಯಾಗಿದ್ದರೆ ರಕ್ತದ ಸ್ಯಾಂಪಲ್ ಹಿಮೋಲೈಸ್ ಆಗಿದೆಯೇ (ಕೆಂಪು ರಕ್ತಕಣಗಳು ಒಡೆದಿವೆಯೇ) ಎಂದು ಲ್ಯಾಬ್‌ಗೆ ಕೇಳಿ. ಟೂರ್ನಿಕೆ (ರಕ್ತ ತೆಗೆಯುವಾಗ ತೋಳಿಗೆ ಕಟ್ಟುವ ಪಟ್ಟಿ) ಬಹಳ ಹೊತ್ತು ಬಿಗಿದಿದ್ದರೂ, ಮುಷ್ಟಿ ಪದೇ ಪದೇ ಹಿಂಡಿಸಿದ್ದರೂ ಅಂಕಿ ಸುಳ್ಳಾಗಿ ಏರುತ್ತದೆ. ಪೊಟ್ಯಾಸಿಯಂ ಡ್ರಿಪ್ ಹೋಗುತ್ತಿರುವ ಕೈಯಿಂದ ತೆಗೆದ ರಕ್ತವನ್ನಂತೂ ನಂಬಬೇಡಿ. ಇನ್ನೊಂದು ಕೈಯಿಂದ ಮತ್ತೆ ತೆಗೆದು ಕಳುಹಿಸಿ.