ಕಾರಣ ಆಮೇಲೆ ಹುಡುಕೋಣ, ಮೊದಲು ತಟ್ಟೆ ಇಡಿ

“ಡಾಕ್ಟ್ರೇ, ಅವಳ ಮನಸ್ಸಲ್ಲಿ ಏನಿದೆ ಅಂತ ಮೊದಲು ಕಂಡುಹಿಡೀರಿ. ಅದೊಂದು ಸರಿಹೋದ್ರೆ ಊಟ ತಾನಾಗೇ ಮಾಡ್ತಾಳೆ.”

ಅನೊರೆಕ್ಸಿಯಾ, ಅಂದರೆ ದಪ್ಪ ಆಗುತ್ತೇನೆಂಬ ಭಯದಿಂದ ಊಟ ಬಿಡುತ್ತ ಹೋಗುವ ಕಾಯಿಲೆ, ಇರುವ ಹದಿಹರೆಯದವರನ್ನು ನೋಡುವ ಮನೋವೈದ್ಯರಿಗೆ ಈ ಮಾತು ಕೇಳಿ ಕೇಳಿ ಸಾಕಾಗಿರುತ್ತದೆ. ಸಿಟ್ಟು ಬರುವುದು ಹೇಳಿದವರ ಮೇಲಲ್ಲ. ಅವರು ಮಗಳಿಗಾಗಿ ರಜೆ ಹಾಕಿ, ನಸುಕಿನ ಬಸ್ಸು ಹಿಡಿದು ಬಂದವರು. ಸಿಟ್ಟು ಬರುವುದು ಆ ಮಾತು ಅಷ್ಟೊಂದು ಸರಿ ಅನ್ನಿಸುತ್ತದಲ್ಲ, ಅದಕ್ಕೆ. ಸರಿ ಅನ್ನಿಸುವುದರಿಂದಲೇ ಮೂರು ತಿಂಗಳು, ಆರು ತಿಂಗಳು ಕಾರಣ ಹುಡುಕುವುದರಲ್ಲೇ ಕಳೆದುಹೋಗುತ್ತದೆ. ಅಷ್ಟರಲ್ಲಿ ಹುಡುಗಿ ಅರ್ಧ ಆಗಿರುತ್ತಾಳೆ.

ಹಾಸನದ ಕಡೆಯ ಒಂದು ಕುಟುಂಬ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಮೊದಲ ಪಿಯುಸಿ ಓದುವ ಹುಡುಗಿ, ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ. ಹಾಸ್ಟೆಲಿನಲ್ಲಿದ್ದಾಗ ಯಾರೋ ಏನೋ ಅಂದರು ಅಂತ ಡಯಟ್ ಶುರು ಮಾಡಿದಳು. ಮೊದಲ ಒಂದೆರಡು ತಿಂಗಳು ಮದುವೆ ಮನೆಗಳಲ್ಲೆಲ್ಲ “ಎಷ್ಟು ಚೆನ್ನಾಗಿ ಸಣ್ಣ ಆಗಿದೀಯೇ!” ಎಂಬ ಹೊಗಳಿಕೆ. ಆಮೇಲೆ ಮುಟ್ಟು ನಿಂತಿತು. ಏಪ್ರಿಲ್ ಬಿಸಿಲಲ್ಲಿ ಸ್ವೆಟರ್ ಹಾಕಿಕೊಂಡು ನನ್ನೆದುರು ಕೂತಿದ್ದಳು. ಎಷ್ಟು ಕೆ.ಜಿ. ಇಳಿದಿದ್ದಳು, ದಿನಕ್ಕೆ ಎಷ್ಟು ಕ್ಯಾಲೊರಿ ತಿನ್ನುತ್ತಿದ್ದಳು ಎಂದು ಬೇಕೆಂದೇ ಬರೆಯುತ್ತಿಲ್ಲ. ಈ ಕಾಯಿಲೆ ಇರುವ ಇನ್ನೊಂದು ಮಗು ಇದನ್ನು ಓದಿದರೆ ಆ ಸಂಖ್ಯೆ ಅದಕ್ಕೊಂದು ಗುರಿಯಾಗಿಬಿಡುತ್ತದೆ.

ತಾಯಿಗೆ ಅರ್ಥವಾಗದ ಸಂಗತಿ ಒಂದಿತ್ತು. “ಊಟ ಕಂಡ್ರೆ ಆಗಲ್ಲ ಅನ್ನೋ ಹಾಗಿಲ್ಲ ಡಾಕ್ಟ್ರೇ. ಮೂರು ಹೊತ್ತೂ ಅಡುಗೆ ಮನೇಲೇ ಇರ್ತಾಳೆ. ಫೋನಲ್ಲಿ ನೋಡೋದೂ ಅಡುಗೆ ವಿಡಿಯೊನೇ. ಮೊನ್ನೆ ಯುಗಾದಿಗೆ ಇಪ್ಪತ್ತು ಹೋಳಿಗೆ ಮಾಡಿ ಎಲ್ರಿಗೂ ಬಡಿಸಿ, ತಿಂತಾರೋ ಇಲ್ವೋ ಅಂತ ಕಾದು ನಿಂತಿದ್ಲು. ಅವಳು ಮಾತ್ರ ಒಂದು ಚೂರೂ ಬಾಯಿಗೆ ಇಡ್ಲಿಲ್ಲ.” ಇದರಲ್ಲೇ ಆಳವಾದ ಮಾನಸಿಕ ಕಾರಣವೇನೋ ಅಡಗಿದೆ ಎಂಬುದು ತಂದೆಯ ನಂಬಿಕೆ. ಇದಕ್ಕೂ ಮೊದಲು ಯಾರೋ ಒಬ್ಬರು ಹತ್ತು ವಾರ ಕೌನ್ಸೆಲಿಂಗ್ ಮಾಡಿ, ಅಪ್ಪ-ಮಗಳ ಸಂಬಂಧದ ಬಗ್ಗೆ ಬೇಕಾದಷ್ಟು ಮಾತಾಡಿಸಿದ್ದರಂತೆ. ತೂಕ ಒಮ್ಮೆಯೂ ನೋಡಿರಲಿಲ್ಲ.

ಆ ಹೋಳಿಗೆಯ ಕತೆ ನನಗೆ ಹೊಸದಲ್ಲ. ಈ ವಿಷಯ ಓದಿದ ಯಾರಿಗೂ ಹೊಸದಲ್ಲ. 1944ರ ಕೊನೆಯಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ಶುರು ಮಾಡಿದರು. ಯುದ್ಧದಲ್ಲಿ ಬಂದೂಕು ಹಿಡಿಯಲು ಒಪ್ಪದ 36 ಗಟ್ಟಿಮುಟ್ಟಾದ ಯುವಕರು ತಾವಾಗಿಯೇ ಉಪವಾಸಕ್ಕೆ ಮುಂದೆ ಬಂದರು. ಯುರೋಪಿನಲ್ಲಿ ಹಸಿದು ಬಿದ್ದವರಿಗೆ ಮತ್ತೆ ಹೇಗೆ ಉಣ್ಣಿಸಬೇಕು ಎಂದು ತಿಳಿಯುವುದು ಉದ್ದೇಶ. ದೇಹವನ್ನಷ್ಟೇ ಅಲ್ಲ, ಮನಸ್ಸನ್ನೂ ತಪಾಸಣೆ ಮಾಡಿ ಆರೋಗ್ಯವಂತರನ್ನೇ ಆರಿಸಿದ್ದರು. 24 ವಾರ ಅರೆಹೊಟ್ಟೆ: ಆಲೂಗಡ್ಡೆ, ಬ್ರೆಡ್, ಗೆಡ್ಡೆಗೆಣಸು. ದೇಹತೂಕದ ಸುಮಾರು ಕಾಲುಭಾಗ ಇಳಿಯಿತು.

ಆ ಗಂಡಸರು ಏನು ಮಾಡತೊಡಗಿದರು ಗೊತ್ತೇ? ಅಡುಗೆ ಪುಸ್ತಕ ಓದಲು, ರೆಸಿಪಿ ಕೂಡಿಡಲು ಶುರು ಮಾಡಿದರು. ಒಂದು ಊಟವನ್ನು ಗಂಟೆಗಟ್ಟಲೆ ಎಳೆದು, ಚೂರುಚೂರು ಮಾಡಿ, ಒಂದಕ್ಕೊಂದು ಕಲಸಿ ತಿಂದರು, ತಟ್ಟೆ ನೆಕ್ಕಿದರು. ಚಳಿ ಚಳಿ ಎಂದರು. ಗೆಳೆಯರು ಬೇಡವಾದರು, ನಗು ಹೋಯಿತು, ಸಣ್ಣದಕ್ಕೆಲ್ಲ ಸಿಡಿಮಿಡಿ. ಕೆಲವರಿಗೆ ಗಾಢ ಖಿನ್ನತೆ ಬಂತು. ಒಬ್ಬಾತ ಕೊಡಲಿಯಿಂದ ತನ್ನ ಕೈಬೆರಳುಗಳನ್ನೇ ಕಡಿದುಕೊಂಡ. ಇವರಿಗೆಲ್ಲ ಅಪ್ಪನ ಜತೆ ಜಗಳವಿತ್ತೇ? ನೀಟ್ ಪರೀಕ್ಷೆಯ ಭಯವಿತ್ತೇ? ಇದ್ದದ್ದು ಹಸಿವು.

ಇಷ್ಟು ಹೇಳಿದ ಮೇಲೂ ಜನ ತಲೆಯಾಡಿಸಿ, “ಸರಿ ಡಾಕ್ಟ್ರೇ, ಆದ್ರೂ ಕಾರಣ ಏನಿರಬಹುದು?” ಅನ್ನುತ್ತಾರೆ. ಹಾಗಾಗಿ ಇನ್ನೊಮ್ಮೆ, ಬೇರೆ ರೀತಿಯಲ್ಲಿ ಹೇಳುತ್ತೇನೆ. ಜ್ವರ ನೆತ್ತಿಗೇರಿ ಮಗುವಿಗೆ ಸನ್ನಿಯಾದಾಗ ಅದು ಏನೇನೋ ಬಡಬಡಿಸುತ್ತದೆ. ಆಗ ನಾವು ಪಕ್ಕದಲ್ಲಿ ಕೂತು ಆ ಮಾತಿನ ಅರ್ಥ ಬಿಡಿಸುತ್ತೇವೆಯೇ? ಮೊದಲು ಜ್ವರ ಇಳಿಸುತ್ತೇವೆ. ಅನೊರೆಕ್ಸಿಯಾದ ಹುಡುಗಿಯ ಹಠ, ಮೌನ, ಸುಳ್ಳು, ಒಂಟಿತನ, ಚಪಾತಿಯನ್ನು ಹದಿನಾರು ಚೂರು ಮಾಡುವ ಶಿಸ್ತು, ಇದರಲ್ಲಿ ಬಹುಪಾಲು ಹಸಿದ ಮೆದುಳಿನ ಸನ್ನಿ. ನೀವು ಕಾರಣ ಎಂದುಕೊಂಡು ಬಗೆಯುತ್ತಿರುವುದು ಎಷ್ಟೋ ಸಲ ಪರಿಣಾಮ. ಹಸಿದ ಮೆದುಳಿಗೆ ಕೌನ್ಸೆಲಿಂಗ್ ಇಳಿಯುವುದಿಲ್ಲ. ಕೇಳಿಸುತ್ತದೆ, ಇಳಿಯುವುದಿಲ್ಲ. ಮನಸ್ಸು ಸರಿಹೋದ ಮೇಲೆ ಊಟ ಅಲ್ಲ, ಊಟ ಸರಿಹೋಗುತ್ತ ಹೋದಂತೆ ಮನಸ್ಸು.

ಇಲ್ಲೊಂದು ಎಚ್ಚರಿಕೆ. ಮಿನ್ನೆಸೋಟದವರಿಗೆ ಅನೊರೆಕ್ಸಿಯಾ ಇರಲಿಲ್ಲ. ಊಟ ಕೊಟ್ಟಾಗ ಅವರು ಮುಗಿಬಿದ್ದು ತಿಂದರು, ಕೆಲವರು ಹೊಟ್ಟೆ ಬಿರಿಯುವಷ್ಟು ತಿಂದರೂ ಹಸಿವು ಇಂಗಲಿಲ್ಲ. ನನ್ನ ಹುಡುಗಿಯರು ಹಾಗಲ್ಲ. ಅವರಿಗೆ ತುತ್ತು ಎಂದರೆ ಭಯ. ಆ ಭಯಕ್ಕೆ ಚಿಕಿತ್ಸೆ ಬೇಕು, ಮಾತು ಬೇಕು, ಕೆಲವೊಮ್ಮೆ ಔಷಧವೂ ಬೇಕು. ನಾನು ತಕರಾರು ಮಾಡುತ್ತಿರುವುದು ಯಾವುದು ಮೊದಲು ಎಂಬುದರ ಬಗ್ಗೆ ಮಾತ್ರ. ತೂಕ ಇಳಿದವರೆಲ್ಲ ಅನೊರೆಕ್ಸಿಯಾದವರೂ ಅಲ್ಲ. ಕ್ಷಯ, ಥೈರಾಯ್ಡ್, ಸಕ್ಕರೆ ಕಾಯಿಲೆ, ಕರುಳಿನ ತೊಂದರೆ ಇಲ್ಲವೆಂದು ಖಚಿತಪಡಿಸಿಕೊಳ್ಳದೆ ನಾನು ಆ ಹೆಸರು ಎತ್ತುವುದಿಲ್ಲ.

ಮೊದಲು ಊಟ ಎಂಬುದು ನನ್ನ ಖಯಾಲಿಯಲ್ಲ. 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ರೂಪುಗೊಂಡ ಪದ್ಧತಿಯಲ್ಲಿ ಮಗುವಿಗೆ ಉಣ್ಣಿಸುವ ಹೊಣೆಯನ್ನು ತಾತ್ಕಾಲಿಕವಾಗಿ ಅಪ್ಪ-ಅಮ್ಮನ ಕೈಗೇ ಕೊಡುತ್ತಾರೆ. ತೂಕ ಬಂದ ಮೇಲೆ ಆ ಹೊಣೆ ಮೆಲ್ಲಗೆ ಮಗುವಿಗೆ ವಾಪಸ್. ಮಿಕ್ಕ ವಿಚಾರಗಳೆಲ್ಲ ಆಮೇಲೆ. 2010ರಲ್ಲಿ ಷಿಕಾಗೊ ಮತ್ತು ಸ್ಟ್ಯಾನ್‌ಫರ್ಡ್‌ನವರು 121 ಹದಿಹರೆಯದವರ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿದರು. ಚಿಕಿತ್ಸೆ ಮುಗಿದು ಒಂದು ವರ್ಷದ ನಂತರ ನೋಡಿದರೆ, ಮನೆಯವರು ಉಣ್ಣಿಸಿದ ಗುಂಪಿನಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಪೂರ್ತಿ ಚೇತರಿಸಿಕೊಂಡಿದ್ದರು. ಮಗುವನ್ನು ಒಂಟಿಯಾಗಿ ಕೂರಿಸಿ ಮಾತಾಡಿದ ಗುಂಪಿನಲ್ಲಿ ಕಾಲುಭಾಗಕ್ಕೂ ತುಸು ಕಡಿಮೆ. ಅಂದರೆ ಒಳ್ಳೆಯ ಪದ್ಧತಿಯಲ್ಲೂ ಅರ್ಧದಷ್ಟು ಮಕ್ಕಳು ಪೂರ್ತಿ ಗುಣವಾಗಿರಲಿಲ್ಲ. ಗ್ಯಾರಂಟಿ ಕೊಡುವವರಿದ್ದರೆ ಅವರ ಹತ್ತಿರ ಹೋಗಿ, ನಾನು ಕೊಡಲಾರೆ.

ಕಾರಣ ಎನ್ನುವಾಗ ಮನೆಯವರ ಕಣ್ಣು ಹೋಗುವುದು ತಾಯಿಯ ಕಡೆಗೇ, ಅದನ್ನೂ ನೋಡಿದ್ದೇನೆ. 2019ರಲ್ಲಿ ಹಲವು ದೇಶಗಳ ಸಂಶೋಧಕರು ಸುಮಾರು 17,000 ಅನೊರೆಕ್ಸಿಯಾ ರೋಗಿಗಳ ವಂಶವಾಹಿ ಪರೀಕ್ಷಿಸಿ, ರೋಗಕ್ಕೆ ನಂಟಿರುವ ಎಂಟು ಜಾಗಗಳನ್ನು ಗುರುತಿಸಿದರು. ಆ ನಂಟಿನಲ್ಲಿ ಮನಸ್ಸಿನದ್ದಷ್ಟೇ ಅಲ್ಲ, ದೇಹ ಶಕ್ತಿಯನ್ನು ಬಳಸುವ ಬಗೆಯ ಪಾಲೂ ಕಂಡಿತು. ಆದ್ದರಿಂದ ಅತ್ತೆಯಂದಿರೇ, ಸೊಸೆಯನ್ನು ಸ್ವಲ್ಪ ಬಿಡಿ.

“ಇದೆಲ್ಲ ಅಮೆರಿಕದ ಶ್ರೀಮಂತರ ಕಾಯಿಲೆ” ಎನ್ನುವವರಿಗೆ: ನಿಮ್ಹಾನ್ಸ್‌ನ ಡಾ. ಪ್ರಭಾ ಚಂದ್ರ ಮತ್ತು ಸಹೋದ್ಯೋಗಿಗಳು ಬೆಂಗಳೂರಿನ 66 ಮನೋವೈದ್ಯರನ್ನು ಕೇಳಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಮೂರರಲ್ಲಿ ಎರಡು ಪಾಲು ವೈದ್ಯರು ಊಟಕ್ಕೆ ಸಂಬಂಧಿಸಿದ ಇಂಥ ಮನೋರೋಗದ ಒಂದಾದರೂ ಕೇಸು ನೋಡಿದ್ದರು. ನನ್ನಲ್ಲಿಗೆ ಬರುವವರಲ್ಲಿ ಆಟೊ ಓಡಿಸುವವರ ಮಗಳಿದ್ದಾಳೆ, ಜಿಮ್ಮಿನ ಹುಚ್ಚು ಹತ್ತಿದ ಹುಡುಗನೂ ಇದ್ದಾನೆ. ಅವನ ತೂಕ ಇಳಿದ ಮೇಲೂ ಎತ್ತರಕ್ಕೆ ತಕ್ಕ ತೂಕ ತೋರಿಸುವ ಬಿಎಂಐ ಪಟ್ಟಿಯಲ್ಲಿ ‘ನಾರ್ಮಲ್’. ದಪ್ಪಗಿದ್ದ ಮಗು ಬೇಗ ಇಳಿದರೆ ಪಟ್ಟಿ ಏನೂ ಹೇಳುವುದಿಲ್ಲ, ನಾಡಿ ಹೇಳುತ್ತದೆ. ರಕ್ತಪರೀಕ್ಷೆ ಚೆನ್ನಾಗಿದೆ ಎಂದೂ ನೆಮ್ಮದಿಯಿಂದ ಮಲಗಬೇಡಿ. ರಕ್ತ ಎಷ್ಟೋ ಸಲ ಕೊನೆಯವರೆಗೂ ಸಭ್ಯವಾಗಿಯೇ ಇರುತ್ತದೆ.

ಎದ್ದು ನಿಂತರೆ ಕಣ್ಣು ಕತ್ತಲೆ, ಹಗಲಲ್ಲೂ ನಾಡಿ ನಿಮಿಷಕ್ಕೆ 50ಕ್ಕಿಂತ ಕಡಿಮೆ, ಊಟವಾದ ಕೂಡಲೇ ಬಚ್ಚಲಿಗೆ ಓಟ, ಸಾಯುವ ಮಾತು: ಇವುಗಳಲ್ಲಿ ಯಾವುದಿದ್ದರೂ ಅಂಕಣ ಓದುತ್ತ ಕೂರಬೇಡಿ, ಇವತ್ತೇ ಆಸ್ಪತ್ರೆಗೆ ಹೋಗಿ. ತುಂಬ ದಿನ ಹಸಿದವರಿಗೆ ಒಮ್ಮೆಲೇ ಹೊಟ್ಟೆತುಂಬ ಉಣ್ಣಿಸುವುದೂ ಅಪಾಯ. ರಕ್ತದಲ್ಲಿ ಫಾಸ್ಫೇಟ್ ಕುಸಿದು ಹೃದಯಕ್ಕೇ ತೊಂದರೆಯಾಗಬಹುದು. ಮೊದಲ ಕೆಲವು ವಾರ ಊಟ ವೈದ್ಯರ ಕಣ್ಗಾವಲಿನಲ್ಲೇ ಆಗಬೇಕು.

ಹಾಸನದ ಹುಡುಗಿಯನ್ನು ಹನ್ನೆರಡು ದಿನ ವಾರ್ಡಿನಲ್ಲಿ ಇಟ್ಟುಕೊಂಡು ಮನೆಗೆ ಕಳಿಸಿದೆ. ದಿನಕ್ಕೆ ಮೂರು ಊಟ, ಮೂರು ತಿಂಡಿ, ಪಕ್ಕದಲ್ಲಿ ಒಬ್ಬರು ಕೂರಬೇಕು. ಅಪ್ಪ ಕೂತರೆ ವಾದ, ಅಮ್ಮ ಕೂತರೆ ಅಳು. ಕೊನೆಗೆ ಕೂತದ್ದು ಎಪ್ಪತ್ತೆಂಟರ ಅಜ್ಜಿ. ಅವರು ಉಪದೇಶ ಮಾಡಲಿಲ್ಲ, ಗೋಗರೆಯಲೂ ಇಲ್ಲ. “ತಟ್ಟೆ ಖಾಲಿ ಆಗೋವರೆಗೂ ನಾನು ಏಳಲ್ಲ ಕಣೇ” ಎಂದು ಹೇಳಿ, ಊರಿನ ಗದ್ದೆ ವ್ಯಾಜ್ಯಗಳ ಇಡೀ ಇತಿಹಾಸ ಬಿಚ್ಚಿದರಂತೆ. ಯಾರು ಬದು ಒತ್ತಿದರು, ಯಾರು ಕೋರ್ಟಿಗೆ ಹೋದರು, ಯಾರ ಎಮ್ಮೆ ಯಾರ ಹೊಲಕ್ಕೆ ನುಗ್ಗಿತು. ಮೊದಮೊದಲು ಒಂದು ಊಟಕ್ಕೆ ಒಂದೂಕಾಲು ಗಂಟೆ. ಹುಡುಗಿ ತಟ್ಟೆ ತಳ್ಳಿದಳು, ಬೈದಳು, ಅನ್ನವನ್ನು ದುಪಟ್ಟಾದಲ್ಲಿ ಬಚ್ಚಿಟ್ಟಳು. ಅಜ್ಜಿ ಇನ್ನೊಂದು ಸೌಟು ಬಡಿಸಿ ಮುಂದಿನ ವ್ಯಾಜ್ಯಕ್ಕೆ ಹೋದರು. ಈ ತಂತ್ರವನ್ನು ನಾನು ಯಾವ ತರಬೇತಿಯಲ್ಲೂ ಕಲಿತಿರಲಿಲ್ಲ.

ಏಳನೆಯ ತಿಂಗಳು ತಪಾಸಣೆಗೆ ಬಂದರು. ಸ್ವೆಟರ್ ಇರಲಿಲ್ಲ. ಹುಡುಗಿ ಹೊರಗೆ ಗೆಳತಿಯ ಜತೆ ಫೋನಿನಲ್ಲಿ ಜೋರಾಗಿ ನಗುತ್ತಿದ್ದಳು. ತಾಯಿ ಮಾತ್ರ ಮುಖ ಸಣ್ಣಗೆ ಮಾಡಿಕೊಂಡು ಕೂತರು. “ಮೊದ್ಲೆಲ್ಲ ಅಡುಗೆ ಕೆಲಸ ಪೂರ್ತಿ ಅವಳೇ ಮಾಡೋಳು ಡಾಕ್ಟ್ರೇ. ಈಗ ಎಷ್ಟು ಕೂಗಿದ್ರೂ ಅಡುಗೆ ಮನೆ ಕಡೆ ತಲೆ ಹಾಕಲ್ಲ. ಬಡಿಸಿದ್ದು ತಿಂದು ಎದ್ದು ಹೋಗ್ತಾಳೆ. ಇದಕ್ಕೇನಾದ್ರೂ ಕೌನ್ಸೆಲಿಂಗ್ ಇದೆಯಾ?”