ಹತ್ತರವರೆಗೂ ಬರುತ್ತೆ, ಮೂರು ಕೊಡು ಅಂದ್ರೆ ಬೊಗಸೆ ತುಂಬ

ಅವರೆಕಾಯಿ ಕಾಲ. ಅಮ್ಮ ಹಜಾರದಲ್ಲಿ ಹಳೇ ಪೇಪರ್ ಹಾಸಿಕೊಂಡು ಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ತಂಗಿಯ ಮಗಳು ಪುಟ್ಟಿ. ಅವಳಿಗೆ ಎರಡೂವರೆ ವರ್ಷ. ಒಂದರಿಂದ ಹತ್ತರವರೆಗೆ ಒಂದೇ ಉಸಿರಿಗೆ ಹೇಳುತ್ತಾಳೆ. ಏಳು ಮಾತ್ರ ಒಮ್ಮೊಮ್ಮೆ ಬಿಟ್ಟುಹೋಗುತ್ತದೆ. ಮನೆಗೆ ಯಾರೇ ಬರಲಿ, ಅವರ ಮುಂದೆ ಒಂದು ಸಲ ಹೇಳಿಸದೆ ನಾವು ಬಿಡುವುದಿಲ್ಲ.

"ಪುಟ್ಟಿ, ಅಜ್ಜಿಗೆ ಮೂರು ಕಾಳು ಕೊಡಮ್ಮ" ಅಂದರು ಅಮ್ಮ. ಅವಳು ಬುಟ್ಟಿಗೆ ಎರಡೂ ಕೈ ಹಾಕಿ, ಬೊಗಸೆ ತುಂಬ ಕಾಳು ತಂದು ಅಜ್ಜಿಯ ಮಡಿಲಿಗೆ ಸುರಿದಳು.

"ಇದು ಮೂರಾ?"

"ಹೂಂ, ಮೂರು!"

ನಾನು ಐದು ಕಾಳು ತೆಗೆದು ನೆಲದ ಮೇಲೆ ಸಾಲಾಗಿ ಇಟ್ಟೆ. ಎಷ್ಟಿದೆ ಎಂದು ಕೇಳಿದೆ. ಒಂದೊಂದರ ಮೇಲೂ ಬೆರಳಿಟ್ಟು "ಒಂದು, ಎರಡು, ಮೂರು, ನಾಕು, ಐದು" ಅಂದಳು. ಒಂದೂ ತಪ್ಪಿಲ್ಲ. "ಹಾಗಾದ್ರೆ ಎಷ್ಟಾಯ್ತು?" ಮತ್ತೆ ಒಂದರಿಂದ ಶುರು ಮಾಡಿದಳು. ಇನ್ನೊಂದು ಸಲ ಕೇಳಿದಾಗ ನನ್ನ ಮುಖವನ್ನೇ ನೋಡಿದಳು. ಆಗಲೇ ಎರಡು ಸಲ ಹೇಳಿದ್ದಾಳಲ್ಲ, ಇನ್ನೇನು ಬೇಕು ಅನ್ನುವ ಹಾಗೆ.

ಚಿಕ್ಕ ಮಕ್ಕಳಿರುವ ಮನೆಯಲ್ಲೆಲ್ಲ ಇದನ್ನು ನೋಡಬಹುದು. ಮಗುವಿಗೆ ಸಂಖ್ಯೆಗಳ ಹೆಸರು ಬರುತ್ತವೆ. ಸರಿಯಾದ ಕ್ರಮವೂ ಬರುತ್ತದೆ. ಬೆರಳಿಟ್ಟು ತೋರಿಸುವುದೂ ಬರುತ್ತದೆ. ಆದರೆ ಎಣಿಕೆ ಯಾತಕ್ಕೆ ಅನ್ನುವುದು ಇನ್ನೂ ಗೊತ್ತಿಲ್ಲ. ಒಪ್ಪಿಸುವುದಕ್ಕೂ ಎಣಿಸುವುದಕ್ಕೂ ನಡುವೆ ಒಂದು ವರ್ಷಕ್ಕಿಂತ ಉದ್ದದ ದಾರಿ ಇದೆ. ಆ ದಾರಿಯನ್ನು ಮಕ್ಕಳು ನಡೆಯುವ ರೀತಿ ನನಗೆ ತುಂಬ ಇಷ್ಟ. ಮನುಷ್ಯರ ಮನಸ್ಸು ಹೊಸದೊಂದು ವಿಚಾರವನ್ನು ಕಟ್ಟಿಕೊಳ್ಳುವುದನ್ನು ಇಷ್ಟು ಹತ್ತಿರದಿಂದ ನೋಡುವ ಅವಕಾಶ ಬೇರೆ ಎಲ್ಲೂ ಸಿಗಲಾರದು.

ಈ ದಾರಿಯ ಮೆಟ್ಟಿಲುಗಳನ್ನು ಗುರುತಿಸಿದವರಲ್ಲಿ ಮುಖ್ಯ ಹೆಸರು ಕ್ಯಾರೆನ್ ವಿನ್. ಅಮೆರಿಕದ ಈ ಮನಶ್ಶಾಸ್ತ್ರಜ್ಞೆ 1990 ಮತ್ತು 1992ರಲ್ಲಿ ಪ್ರಕಟಿಸಿದ ಪ್ರಯೋಗಗಳು ಎಷ್ಟು ಸರಳ ಅಂದರೆ, ನಮ್ಮಮ್ಮ ಅವರೆಕಾಳಲ್ಲಿ ಮಾಡಿದ್ದೂ ಅದನ್ನೇ. ಮಗುವಿನ ಮುಂದೆ ಆಟಿಕೆಗಳ ರಾಶಿ ಹಾಕುವುದು. ಒಂದು ಬೊಂಬೆಗೆ ಒಂದು ಆಟಿಕೆ ಕೊಡು, ಎರಡು ಕೊಡು, ಮೂರು ಕೊಡು ಎಂದು ಕೇಳುತ್ತಾ ಹೋಗುವುದು. ಅಷ್ಟೇ.

ಅದರಲ್ಲಿ ಕಂಡದ್ದು ಇದು. ಮೊದಲಿಗೆ ಮಗುವಿಗೆ ಯಾವ ಸಂಖ್ಯೆಯ ಅರ್ಥವೂ ಗೊತ್ತಿರುವುದಿಲ್ಲ. ಏನು ಕೇಳಿದರೂ ಒಂದು ಹಿಡಿ ಕೊಡುತ್ತದೆ. ಎರಡು, ಎರಡೂವರೆ ವರ್ಷದ ಹೊತ್ತಿಗೆ "ಒಂದು" ಅರ್ಥವಾಗುತ್ತದೆ. ಒಂದು ಕೇಳಿದರೆ ಒಂದನ್ನೇ ಕೊಡುತ್ತದೆ. ಎರಡು, ಮೂರು, ಐದು ಏನೇ ಕೇಳಿದರೂ ಸಿಕ್ಕಷ್ಟು ಕೊಡುತ್ತದೆ. ಎಷ್ಟೋ ತಿಂಗಳು ಹಾಗೇ ಇರುತ್ತದೆ. ಆಮೇಲೆ "ಎರಡು" ಬರುತ್ತದೆ. ಮತ್ತೆ ಕೆಲವು ತಿಂಗಳು ಕಾಯಬೇಕು, "ಮೂರು" ಬರುತ್ತದೆ. ಕೆಲವು ಮಕ್ಕಳು "ನಾಕು" ಅನ್ನುವುದನ್ನೂ ಹೀಗೇ ಬೇರೆಯಾಗಿ ಕಲಿಯುತ್ತವೆ. ಇಷ್ಟು ಹೊತ್ತೂ ಆ ಮಗುವಿನ ಬಾಯಲ್ಲಿ ಹತ್ತರವರೆಗಿನ ಹೆಸರುಗಳು ಆಡುತ್ತಲೇ ಇರುತ್ತವೆ, ನೆನಪಿರಲಿ.

ಆಮೇಲೆ ಆಗುವುದೇ ಸೋಜಿಗ. ಮೂರು ಅಥವಾ ನಾಕರ ನಂತರ ಐದಕ್ಕೆ ಕೆಲವು ತಿಂಗಳು, ಆರಕ್ಕೆ ಕೆಲವು ತಿಂಗಳು ಬೇಕಾಗುವುದಿಲ್ಲ. ಮೂರೂವರೆ, ನಾಲ್ಕು ವರ್ಷದ ಸುಮಾರಿಗೆ ಮಗು ತನಗೆ ಬರುವ ಸಂಖ್ಯೆಗಳನ್ನೆಲ್ಲ ಒಟ್ಟಿಗೆ ಹಿಡಿದುಬಿಡುತ್ತದೆ. ಏಳು ಕೇಳಿದರೆ ಒಂದೊಂದೇ ಎತ್ತಿಡುತ್ತಾ ಎಣಿಸುತ್ತದೆ, ಏಳು ಬಂದ ತಕ್ಷಣ ನಿಲ್ಲಿಸುತ್ತದೆ. ನಿಲ್ಲಿಸಿದಾಗ ಬಾಯಲ್ಲಿದ್ದ ಕೊನೆಯ ಪದವೇ "ಎಷ್ಟು" ಅನ್ನುವುದಕ್ಕೆ ಉತ್ತರ ಅನ್ನುವ ಗುಟ್ಟು ಅದಕ್ಕೆ ಸಿಕ್ಕಿದೆ.

ಮಧ್ಯದ ತಿಂಗಳುಗಳಲ್ಲಿ ಮಗು ಸುಮ್ನೆ ಕೂತಿರುವುದಿಲ್ಲ. "ಒಂದು" ಮಾತ್ರ ಗೊತ್ತಿರುವ ಮಗುವಿಗೆ ವಿನ್ ಎರಡು ಚಿತ್ರ ತೋರಿಸಿದರು. ಒಂದರಲ್ಲಿ ಒಂದೇ ವಸ್ತು, ಇನ್ನೊಂದರಲ್ಲಿ ಹಲವು. "ನಾಕು ಇರೋದು ಯಾವುದು?" ಅಂದರೆ ಮಗು ಹಲವು ಇರುವ ಚಿತ್ರವನ್ನೇ ತೋರಿಸುತ್ತದೆ. ನಾಕು ಅಂದರೆ ಎಷ್ಟೆಂದು ಅದಕ್ಕೆ ಗೊತ್ತಿಲ್ಲ. ಆದರೆ ಅದು "ಎಷ್ಟು" ಅನ್ನುವುದಕ್ಕೆ ಸೇರಿದ ಪದ, ಒಂದಂತೂ ಅಲ್ಲ ಅನ್ನುವುದು ಗೊತ್ತಿದೆ. ಪುಟ್ಟಿ ಬೊಗಸೆ ತುಂಬ ಕಾಳು ತಂದದ್ದೂ ಹೀಗೇ. "ಮೂರು" ಅಂದರೆ ಅವಳ ಲೆಕ್ಕದಲ್ಲಿ "ಒಂದಕ್ಕಿಂತ ಜಾಸ್ತಿ". ಅಷ್ಟರ ಮಟ್ಟಿಗೆ ಅದು ಸರಿಯೇ ಅಲ್ವಾ?

ನಮಗೆ ಇಷ್ಟು ಸುಲಭವಾಗಿ ಕಾಣುವುದು ಮಗುವಿಗೆ ಯಾಕೆ ಇಷ್ಟು ಕಷ್ಟ? ಮಗುವಿನ ಜಾಗದಲ್ಲಿ ಕೂತು ನೋಡಿ. "ಹಸಿರು ಕಾಳು" ಅಂದರೆ ಪ್ರತಿ ಕಾಳಲ್ಲೂ ಹಸಿರು ಕಾಣುತ್ತದೆ. "ಮೂರು ಕಾಳು" ಅಂದರೆ? ಯಾವ ಕಾಳನ್ನು ಎತ್ತಿ ನೋಡಿದರೂ ಅದರಲ್ಲಿ ಮೂರು ಇಲ್ಲ. ಅದಕ್ಕಿಂತ ಗೊಂದಲದ್ದು ನಾವು ಎಣಿಸುವ ರೀತಿ. ನಾಯಿ, ಬೆಕ್ಕು, ಹಸು ಎಂದು ಬೆರಳು ತೋರಿಸಿದಾಗ ಅವು ಆಯಾ ಪ್ರಾಣಿಯ ಹೆಸರು. ಹಾಗೇ ಬೆರಳು ತೋರಿಸಿ "ಒಂದು, ಎರಡು, ಮೂರು" ಅಂದಾಗ ಕೊನೆಯ ಕಾಳಿನ ಹೆಸರು ಮೂರು ಎಂದು ಮಗು ಯಾಕೆ ತಿಳಿಯಬಾರದು? ಅಷ್ಟರಲ್ಲಿ ನಾವು ಇನ್ನೊಂದು ಕಡೆಯಿಂದ ಎಣಿಸುತ್ತೇವೆ. ಈಗ ಬೇರೆ ಕಾಳು ಮೂರಾಗುತ್ತದೆ. ಪಾಪ, ಅದಕ್ಕೆ ಹೇಗೆ ಗೊತ್ತಾಗಬೇಕು?

ಎಣಿಕೆಯ ಹಿಂದಿನ ನಿಯಮಗಳನ್ನು 1978ರಲ್ಲಿ ಮನಶ್ಶಾಸ್ತ್ರಜ್ಞರಾದ ರೋಚೆಲ್ ಗೆಲ್‌ಮನ್ ಮತ್ತು ಗ್ಯಾಲಿಸ್ಟೆಲ್ ಬಿಡಿಸಿ ಹೇಳಿದ್ದರು. ಒಂದು ವಸ್ತುವಿಗೆ ಒಂದೇ ಪದ. ಪದಗಳ ಕ್ರಮ ಪ್ರತಿಸಲವೂ ಅದೇ. ಕೊನೆಯ ಪದವೇ ಒಟ್ಟು ಮೊತ್ತ. ಏನನ್ನು ಬೇಕಾದರೂ ಎಣಿಸಬಹುದು, ಯಾವ ಕಡೆಯಿಂದ ಬೇಕಾದರೂ ಎಣಿಸಬಹುದು. ಇವು ಮಕ್ಕಳಲ್ಲಿ ಮೊದಲಿನಿಂದಲೇ ಇರುತ್ತವೆ ಎಂದು ಅವರು ವಾದಿಸಿದರು. ವಿನ್ ಕಂಡದ್ದು ಬೇರೆ ಥರ. ಆ ಮೂರನೆಯ ನಿಯಮವನ್ನು ಮಗು ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಗಳಿಸಿಕೊಳ್ಳಬೇಕು.

ಹಾಗಂತ ಮಗು ಏನೂ ಇಲ್ಲದೆ ಶುರು ಮಾಡುವುದಿಲ್ಲ. ಆರು ತಿಂಗಳ ಕೂಸು 8 ಚುಕ್ಕೆಗೂ 16 ಚುಕ್ಕೆಗೂ ಇರುವ ವ್ಯತ್ಯಾಸ ಗುರುತಿಸುತ್ತದೆ, 8ಕ್ಕೂ 12ಕ್ಕೂ ಇರುವುದನ್ನು ಗುರುತಿಸುವುದಿಲ್ಲ ಎಂದು ಫೇ ಶೂ ಮತ್ತು ಎಲಿಜಬೆತ್ ಸ್ಪೆಲ್ಕಿ 2000ದಲ್ಲಿ ತೋರಿಸಿದರು. ಸಂತೆಯಲ್ಲಿ ನಾವು ಎರಡು ರಾಶಿಯನ್ನು ನೋಡಿ "ಅದು ಜಾಸ್ತಿ ಇದೆ" ಅನ್ನುತ್ತೇವಲ್ಲ, ಆ ಅಂದಾಜು ಮಾತು ಬರುವ ಮುಂಚೆಯೇ ಇರುತ್ತದೆ.

ಇನ್ನೊಂದು ಪ್ರಯೋಗ ನನಗೆ ಅಚ್ಚುಮೆಚ್ಚು. ಲೀಸಾ ಫೈಗೆನ್ಸನ್ ಮತ್ತು ಜೊತೆಗಾರರು 2002ರಲ್ಲಿ ಮಾಡಿದ್ದು. ಅಂಬೆಗಾಲಿಡುವ, ಹತ್ತು-ಹನ್ನೆರಡು ತಿಂಗಳ ಮಕ್ಕಳು. ಅವರ ಕಣ್ಣೆದುರೇ ಒಂದು ಡಬ್ಬಿಗೆ ಒಂದು ಬಿಸ್ಕತ್ತು, ಇನ್ನೊಂದು ಡಬ್ಬಿಗೆ ಎರಡು ಬಿಸ್ಕತ್ತು, ಒಂದಾದ ಮೇಲೊಂದು ಹಾಕಿದರು. ಮಕ್ಕಳು ಎರಡಿರುವ ಡಬ್ಬಿಯ ಕಡೆ ಹೋದವು. ಎರಡು ಮತ್ತು ಮೂರು ಇಟ್ಟಾಗ ಮೂರಿದ್ದ ಕಡೆ ಹೋದವು. ಎರಡು ಮತ್ತು ನಾಕು ಇಟ್ಟಾಗ? ಗೊತ್ತಾಗಲಿಲ್ಲ. ನಾಕು ಅಂದರೆ ಎರಡರ ಎರಡು ಪಟ್ಟು, ಆದರೂ! ಮೂರರವರೆಗೆ ಒಂದೊಂದನ್ನೂ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬಹುದು, ಅದನ್ನು ಮೀರಿದರೆ ಕೈಜಾರುತ್ತದೆ.

ಮಕ್ಕಳು ಒಂದು, ಎರಡು, ಮೂರನ್ನು ಬಿಡಿಬಿಡಿಯಾಗಿ ಕಲಿತು ಆಮೇಲೆ ಜಿಗಿಯುವುದಕ್ಕೂ ಈ ಮೂರರ ಮಿತಿಗೂ ಸಂಬಂಧ ಇದೆ ಎಂದು ಮನಶ್ಶಾಸ್ತ್ರಜ್ಞೆ ಸೂಸನ್ ಕ್ಯಾರಿ ಹೇಳುತ್ತಾರೆ. ಕಣ್ಣಿಗೆ ನೇರವಾಗಿ ಸಿಗುವುದು ಮೂರ್ನಾಕರವರೆಗೆ. ಅಲ್ಲಿಗೆ ಬಂದಾಗ ಮಗು ಒಂದು ಸಂಗತಿ ಗಮನಿಸುತ್ತದೆ. ಬಾಯಿಪಾಠದಲ್ಲಿ ಒಂದು ಪದ ಮುಂದೆ ಹೋದರೆ, ಇಲ್ಲಿ ವಸ್ತು ಒಂದು ಹೆಚ್ಚಾಗುತ್ತದೆ. ಒಂದರಿಂದ ಎರಡಕ್ಕೆ ಹಾಗಾಯಿತು, ಎರಡರಿಂದ ಮೂರಕ್ಕೂ ಹಾಗೇ. ಹಾಗಾದರೆ ಪಟ್ಟಿಯುದ್ದಕ್ಕೂ ಹಾಗೇ ಇರಬೇಕು! ಎಲ್ಲ ಸಂಶೋಧಕರೂ ಇದನ್ನು ಒಪ್ಪುವುದಿಲ್ಲ. ಜಿಗಿದ ಮೇಲೂ ಈ "ಒಂದು ಹೆಚ್ಚು" ಅನ್ನುವುದು ಪೂರ್ತಿ ತಿಳಿಯಲು ಇನ್ನೂ ಸಮಯ ಬೇಕು ಅನ್ನುವ ವಾದ ಇದೆ. ನನಗೆ ಮಾತ್ರ ಕ್ಯಾರಿ ಹೇಳುವುದರಲ್ಲಿ ಒಂದು ಸಮಾಧಾನ ಕಾಣುತ್ತದೆ. ಅರ್ಥವಿಲ್ಲದೆ ಒಪ್ಪಿಸಿದ ಆ "ಒಂದು, ಎರಡು, ಮೂರು" ವ್ಯರ್ಥವಲ್ಲ. ಮೊದಲು ಖಾಲಿ ಡಬ್ಬಿಗಳನ್ನು ಸಾಲಾಗಿ ಜೋಡಿಸಿಟ್ಟುಕೊಂಡ ಹಾಗೆ ಅದು. ತುಂಬುವುದು ಆಮೇಲೆ.

ಮಗು ಆಡುವ ಭಾಷೆಯೂ ಇದರಲ್ಲಿ ಕೈ ಹಾಕುತ್ತದೆ. ಸಂಸ್ಕೃತ ಓದಿದವರಿಗೆ ದ್ವಿವಚನ ನೆನಪಿರುತ್ತದೆ: ರಾಮಃ, ರಾಮೌ, ರಾಮಾಃ. ಸ್ಲೊವೇನಿಯಾದ ಭಾಷೆಯಲ್ಲಿ ಇಂದಿಗೂ ದ್ವಿವಚನ ಬಳಕೆಯಲ್ಲಿದೆ. ಎರಡು ವಸ್ತು ಇದ್ದರೆ ಪದದ ಕೊನೆಯೇ ಬದಲಾಗುತ್ತದೆ. ಅಲ್ಲಿಯ ಮಕ್ಕಳು ಎಣಿಕೆಯ ಅಭ್ಯಾಸ ಕಡಿಮೆ ಇದ್ದರೂ "ಎರಡು" ಅನ್ನುವುದರ ಅರ್ಥವನ್ನು ಬೇಗ ಹಿಡಿಯುತ್ತಾರೆ ಎಂದು 2013ರ ಒಂದು ಅಧ್ಯಯನ ತೋರಿಸಿತು. ಜಪಾನಿ ಭಾಷೆಯಲ್ಲಿ ಏಕವಚನ, ಬಹುವಚನದ ಭೇದ ಅಷ್ಟಾಗಿ ಇಲ್ಲ. ಇಂಗ್ಲಿಷ್, ರಷ್ಯನ್ ಮಕ್ಕಳಿಗೆ ಹೋಲಿಸಿದರೆ ಜಪಾನಿ ಮಕ್ಕಳಿಗೆ "ಒಂದು" ಕೂಡ ಸ್ವಲ್ಪ ತಡವಾಗಿ ದಕ್ಕುತ್ತದೆ.

ಕನ್ನಡದಲ್ಲಿ ಏನಾಗುತ್ತದೆ ಎಂದು ಯೋಚಿಸುವುದು ನನಗೆ ಖುಷಿ. ಒಂದು ಎಲೆ, ಎರಡು ಎಲೆ, ಹತ್ತು ಎಲೆ. ಮಾತಾಡುವಾಗ ಎಲೆ ಎಲೆಯಾಗಿಯೇ ಇರುತ್ತದೆ. ಆದರೆ ಜನರ ವಿಷಯ ಬಂದ ಕೂಡಲೇ ಒಬ್ಬ, ಇಬ್ಬರು, ಮೂವರು ಆಗುತ್ತದೆ. ಪುಟ್ಟಿ ಇನ್ನೂ "ಎರಡು ಅಕ್ಕ ಬಂದ್ರು" ಅನ್ನುತ್ತಾಳೆ. ತಿದ್ದಲು ಮನಸ್ಸಾಗುವುದಿಲ್ಲ. ಹತ್ತು ದಾಟಿದ ಮೇಲೆ ಕನ್ನಡ ಮಕ್ಕಳಿಗೆ ಒಂದು ಅನುಕೂಲವೂ ಇದೆ. ಇಪ್ಪತ್ತು ಬಂದರೆ ಇಪ್ಪತ್ತೊಂದು, ಇಪ್ಪತ್ತೆರಡು ತಾವಾಗಿ ಬರುತ್ತವೆ. ಹಿಂದಿಯಲ್ಲಿ ನೂರರವರೆಗೆ ಹೆಚ್ಚುಕಡಿಮೆ ಒಂದೊಂದನ್ನೂ ಬೇರೆಯಾಗಿ ಕಲಿಯಬೇಕು.

ಭಾಷೆ ಯಾವುದೇ ಇರಲಿ, ಮೆಟ್ಟಿಲುಗಳು ಮಾತ್ರ ಅವೇ. ಬೊಲಿವಿಯಾದ ಅಮೆಜಾನ್ ಕಾಡಿನಲ್ಲಿ ಬೇಸಾಯ, ಬೇಟೆ ಮಾಡಿಕೊಂಡು ಬದುಕುವ ಚಿಮಾನೆ ಜನರ ಮಕ್ಕಳೂ ಒಂದು, ಎರಡು, ಮೂರು, ಆಮೇಲೆ ಎಲ್ಲ ಎಂದೇ ಕಲಿಯುತ್ತಾರೆ. ಅವರು ಕಲಿಯುವುದು ಕೆಲವು ವರ್ಷ ತಡವಾಗಿ. ಆ ಮಕ್ಕಳ ಬುದ್ಧಿಯಲ್ಲೇನೂ ಕೊರತೆಯಿಲ್ಲ. ಎಣಿಸುವ ಮಾತು ದಿನವೂ ಎಷ್ಟು ಕಿವಿಗೆ ಬೀಳುತ್ತದೆ ಅನ್ನುವುದು ಊರೂರಿಗೂ ಬೇರೆ.

ಊರೂರಿಗೇನು, ಮನೆಮನೆಗೂ ಬೇರೆ. ಶಿಕಾಗೋ ವಿಶ್ವವಿದ್ಯಾಲಯದ ಸೂಸನ್ ಲಿವೈನ್ ತಂಡ 44 ಮನೆಗಳಿಗೆ, ಮಗುವಿಗೆ 14 ತಿಂಗಳಿದ್ದಾಗಿನಿಂದ 30 ತಿಂಗಳವರೆಗೆ, ಐದು ಸಲ ಹೋಗಿ ಪ್ರತಿಸಲ ಒಂದೂವರೆ ಗಂಟೆ ಮಾತುಕತೆ ದಾಖಲಿಸಿತು. ಆ ಒಟ್ಟು ಸಮಯದಲ್ಲಿ ಒಂದು ಮನೆಯಲ್ಲಿ ಸಂಖ್ಯೆಯ ಪದ ಬಂದದ್ದು 4 ಸಲ, ಇನ್ನೊಂದರಲ್ಲಿ 257 ಸಲ! ಸಂಖ್ಯೆಯ ಮಾತು ಹೆಚ್ಚು ಕೇಳಿದ ಮಕ್ಕಳಿಗೆ ನಾಲ್ಕು ವರ್ಷ ತುಂಬುವ ಹೊತ್ತಿಗೆ ಸಂಖ್ಯೆಗಳ ಅರ್ಥ ಹೆಚ್ಚು ಗೊತ್ತಿತ್ತು. ಇದೊಂದೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಅದೇ ತಂಡ ಮುಂದೆ ಹುಡುಕಿದಾಗ ಕಂಡದ್ದು ನಮಗೆಲ್ಲ ಉಪಯೋಗದ್ದು. ಗಾಳಿಯಲ್ಲಿ ಒಂದು-ಎರಡು ಹೇಳಿಸುವುದಕ್ಕಿಂತ, ಕಣ್ಣೆದುರು ಇರುವ ವಸ್ತುಗಳನ್ನು ಎಣಿಸಿ ತೋರಿಸುವ ಮಾತಿಗೆ ಮಗುವಿನ ತಿಳಿವಳಿಕೆಯ ಜೊತೆ ಹೆಚ್ಚು ನಂಟಿತ್ತು. ಅದರಲ್ಲೂ ನಾಕರಿಂದ ಹತ್ತರವರೆಗಿನ ಗುಂಪುಗಳನ್ನು ಎಣಿಸುವುದು.

ಹಾಗಾಗಿ ನಮ್ಮ ಮನೆಯಲ್ಲಿ ಈಗ ಕ್ರಮ ಬದಲಾಗಿದೆ. ಅಮ್ಮ ಇಡ್ಲಿ ಬಡಿಸುವಾಗ "ಒಂದು, ಎರಡು, ಮೂರು. ಮೂರು ಇಡ್ಲಿ" ಅನ್ನುತ್ತಾರೆ. ಆ ಕೊನೆಯ "ಮೂರು ಇಡ್ಲಿ" ಅನ್ನುವುದು ಮುಖ್ಯ. ಎಣಿಸಿದ್ದಕ್ಕೂ ಒಟ್ಟಿಗೂ ಗಂಟು ಹಾಕುವುದೇ ಅದು. ಮೆಟ್ಟಿಲು ಹತ್ತುವಾಗ, ಅಂಗಿ ಗುಂಡಿ ಹಾಕುವಾಗ, ಮಲ್ಲಿಗೆ ಕಟ್ಟುವಾಗ, ಎಲ್ಲ ಕಡೆಯೂ ಎಣಿಕೆ ನಡೆಯುತ್ತದೆ. ಚೌಕಾಬಾರಾ ಮಣೆಯನ್ನೂ ಅಟ್ಟದಿಂದ ಇಳಿಸಿದ್ದೇವೆ. ಕವಡೆ ಎಷ್ಟು ಬಿತ್ತೋ ಅಷ್ಟು ಮನೆ ಕಾಯಿ ನಡೆಸುವುದರಲ್ಲಿ ಸಂಖ್ಯೆ ಕೈಗೂ ಕಣ್ಣಿಗೂ ಸಿಗುತ್ತದೆ. ಪುಟ್ಟಿ ಇನ್ನೂ ಚಿಕ್ಕವಳು, ಅವಳಿಗೆ ಸದ್ಯ ಕವಡೆ ಚೆಲ್ಲುವುದೇ ಆಟ. ಬೆರಳು ಮಡಚಿ ಎಣಿಸಬೇಡ ಎಂದು ಯಾರೂ ಹೇಳುವುದಿಲ್ಲ. ಬಂದವರ ಮುಂದೆ ಒಪ್ಪಿಸುವುದು ನಿಂತಿಲ್ಲ, ಅದು ಅವಳಿಗೂ ಇಷ್ಟ. ಆದರೆ ಅದನ್ನು ನೋಡಿ ಹಿಗ್ಗುವುದನ್ನೂ, ಪಕ್ಕದ ಮನೆ ಮಗು ಇಪ್ಪತ್ತು ಹೇಳಿತು ಎಂದು ಕೊರಗುವುದನ್ನೂ ಬಿಟ್ಟಿದ್ದೇವೆ.

ಯುಗಾದಿ ದಿನ ಅಮ್ಮ ಬೇವಿನ ಹೂವು ಬಿಡಿಸುತ್ತಾ ಕೂತಿದ್ದರು. "ಪುಟ್ಟಿ, ಒಂದು ಎಲೆ ಕೊಡು" ಅಂದರು. ಒಂದು ಕೊಟ್ಟಳು. "ಎರಡು ಕೊಡು." ರಾಶಿಯಿಂದ ಒಂದು ಎತ್ತಿದಳು, ಸ್ವಲ್ಪ ತಡೆದಳು, ಇನ್ನೊಂದು ಎತ್ತಿದಳು. ಅಜ್ಜಿಯ ಅಂಗೈಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಕೈ ಹಿಂದಕ್ಕೆ ತೆಗೆದುಕೊಂಡಳು. ಅಮ್ಮ ನನ್ನ ಕಡೆ ನೋಡಿದರು. ಇಬ್ಬರೂ ಮಾತಾಡಲಿಲ್ಲ.

"ಈಗ ಮೂರು ಕೊಡಮ್ಮ."

ಅವಳು ಎರಡೂ ಕೈ ಹಾಕಿ ಬೊಗಸೆ ತುಂಬಿಕೊಂಡಳು.