ಮೊದಲ ಕೆಲಸವೇ ತಪ್ಪಾಗಿಬಿಟ್ಟರೆ?

ಪ್ರಶ್ನೆ: ಪದವಿ ಮುಗಿಯಿತು. ಎರಡು ಮೂರು ದಾರಿಗಳಿವೆ. ಆದರೆ ಒಂದನ್ನು ಆರಿಸೋಕೆ ಭಯ. ಮೊದಲ ಕೆಲಸವೇ ತಪ್ಪಾಗಿಬಿಟ್ಟರೆ ಮುಂದೇನು?

ಉತ್ತರ: ಪ್ರತಿ ಸಲ ಫಲಿತಾಂಶ ಬಂದ ಮೇಲೆ ಇದೇ ಪ್ರಶ್ನೆ ಬರುತ್ತದೆ, ನಾನೂ ಇದೇ ಉತ್ತರ ಬರೆಯುತ್ತೇನೆ. ಸಂಬಳದಲ್ಲಿ ನಿಮ್ಮ ಖರ್ಚು ನಡೆಯಬೇಕು. ಅಂಥ ಕೆಲಸಗಳಲ್ಲಿ ಯಾವುದು ಜಾಸ್ತಿ ಕಲಿಸುತ್ತದೋ ಅದನ್ನು ಹಿಡಿಯಿರಿ. ತಲೆ ಮೇಲೆ ಸಾಲವಿದ್ದರೆ ಸಂಬಳವನ್ನೇ ಮೊದಲು ನೋಡಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಇಷ್ಟು ಹೇಳಿದರೂ ಭಯ ಹೋಗುವುದಿಲ್ಲ ಅಂತ ಗೊತ್ತು. ಮೊದಲ ಕೆಲಸ ಹೇಗೋ ಇಡೀ ಜೀವನ ಹಾಗೆ ಅನ್ನುವ ನಂಬಿಕೆ ಅಷ್ಟು ಗಟ್ಟಿಯಾಗಿ ಕೂತಿದೆ. ಇದು ಸುಳ್ಳು. ಅಮೆರಿಕ ಸರ್ಕಾರದ ಕಾರ್ಮಿಕ ಅಂಕಿಅಂಶ ಇಲಾಖೆ 1957ರಿಂದ 1964ರ ನಡುವೆ ಹುಟ್ಟಿದ ಸಾವಿರಾರು ಜನರ ಬದುಕನ್ನು ದಶಕಗಳ ಕಾಲ ಗಮನಿಸಿದೆ. 18ರಿಂದ 56ನೇ ವಯಸ್ಸಿನೊಳಗೆ ಅವರು ಮಾಡಿದ ಕೆಲಸಗಳು ಸರಾಸರಿ 12.7. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು 25 ತುಂಬುವ ಮೊದಲೇ ಮುಗಿದಿದ್ದವು ಇಲ್ಲವೇ ಶುರುವಾಗಿದ್ದವು. 'ಹಿಂದಿನವರು ಒಂದೇ ಕಡೆ ದುಡಿದು ನಿವೃತ್ತರಾದರು' ಅಂತೀವಲ್ಲ, ಇವರೂ ಆ ಹಿಂದಿನವರೇ ಅಲ್ವಾ?

'ನಾನು ಓದಿದ್ದೇ ಬೇರೆ' ಅನ್ನುವವರಿಗೆ ಇನ್ನೊಂದು ಲೆಕ್ಕ. ಅದೇ ದೇಶದ 2010ರ ಅಂಕಿಅಂಶದ ಪ್ರಕಾರ, ಓದಿದ ವಿಷಯಕ್ಕೆ ನೇರವಾಗಿ ಹೊಂದುವ ಕೆಲಸದಲ್ಲಿದ್ದ ಪದವೀಧರರು ಶೇ. 27ರಷ್ಟು ಮಾತ್ರ. ವೈದ್ಯರು, ವಕೀಲರ ಥರದ ಪರವಾನಗಿ ಬೇಕಾದ ವೃತ್ತಿಗಳ ಮಾತು ಬೇರೆ. ಅಲ್ಲಿಗೆ ತಡವಾಗಿ ಹೋಗಬೇಕೆಂದರೆ ಮತ್ತೆ ವರ್ಷಗಟ್ಟಲೆ ಓದಬೇಕು. ಅಂಥ ಆಸೆ ಇದ್ದರೆ ಈಗಲೇ ಯೋಚಿಸಿ.

ಹಾಗಾದರೆ ಮೊದಲ ಕೆಲಸಕ್ಕೆ ಬೆಲೆಯೇ ಇಲ್ವಾ? ಇದೆ. ಕೆನಡಾದ ಪದವೀಧರರ ಬಗ್ಗೆ 2012ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಆರ್ಥಿಕ ಹಿಂಜರಿತದ ಹೊತ್ತಿನಲ್ಲಿ ಕಾಲೇಜು ಮುಗಿಸಿದವರ ಗಳಿಕೆ ಶುರುವಿನಲ್ಲಿ ಸುಮಾರು ಶೇ. 9ರಷ್ಟು ಕಡಿಮೆ ಇತ್ತು. ಐದು ವರ್ಷದಲ್ಲಿ ಆ ನಷ್ಟ ಅರ್ಧಕ್ಕಿಳಿಯಿತು. ಹತ್ತು ವರ್ಷದ ಹೊತ್ತಿಗೆ ಬಹುಪಾಲು ಅಳಿಸಿಹೋಯಿತು. ಹೇಗೆ? ಸಣ್ಣ ಸಂಬಳದ ಕಡೆ ಶುರು ಮಾಡಿದವರು ಒಳ್ಳೆ ಸಂಬಳ ಕೊಡುವ ಕಂಪನಿಗಳಿಗೆ ಬದಲಾಯಿಸಿಕೊಂಡರು. ಎಲ್ಲರೂ ಒಂದೇ ವೇಗದಲ್ಲಿ ಚೇತರಿಸಿಕೊಳ್ಳಲಿಲ್ಲ, ನಿಜ. ಆದರೆ ಚೇತರಿಕೆಗೆ ದಾರಿಯಾಗಿದ್ದು ಬದಲಾವಣೆಯೇ. ನೀವು ಹೆದರುತ್ತಿರುವುದೂ ಆ ಬದಲಾವಣೆಗೇ!

ಇನ್ನು ಯಾರೂ ಕೇಳದ ಒಂದು ಪ್ರಶ್ನೆ ಇದೆ, ಕೇಳಿದ್ದರೆ ನನಗೆ ತುಂಬ ಖುಷಿಯಾಗುತ್ತಿತ್ತು. ಹುದ್ದೆ, ಸಂಬಳ, ಕಂಪನಿಯ ಹೆಸರು, ಎಲ್ಲ ವಿಚಾರಿಸುತ್ತೀರಿ. ನಿಮ್ಮ ಕೆಲಸವನ್ನು ನೋಡಿ ತಿದ್ದುವವರು ಯಾರು ಅಂತ ಯಾಕೆ ವಿಚಾರಿಸುವುದಿಲ್ಲ? ಹೊಸಬರಿಗೆ ಮೊದಲ ವರ್ಷದ ಕಲಿಕೆ ಬಹುಪಾಲು ಆ ಒಬ್ಬರಿಂದಲೇ ಬರುತ್ತದೆ. ಸಂದರ್ಶನದ ಕೊನೆಯಲ್ಲಿ 'ನಿಮ್ಮದೇನಾದರೂ ಪ್ರಶ್ನೆ ಇದೆಯಾ' ಅಂದಾಗ ಸುಮ್ನೆ ತಲೆ ಅಲ್ಲಾಡಿಸಬೇಡಿ. ನಿಮಗಿಂತ ಮೊದಲು ಈ ಜಾಗದಲ್ಲಿದ್ದವರು ಈಗ ಎಲ್ಲಿದ್ದಾರೆ ಅಂತ ಕೇಳಿ. ಬಡ್ತಿ ಸಿಕ್ಕಿ ಮೇಲೆ ಹೋಗಿದ್ದರೆ ಒಳ್ಳೆಯದು. ಪದೇ ಪದೇ ಜನ ಬಿಟ್ಟು ಹೋಗುತ್ತಿದ್ದರೆ ಕಾರಣ ಕೇಳಿ. ಆ ತಂಡದಲ್ಲಿ ಈಚೆಗೆ ಸೇರಿದ ಒಬ್ಬರ ಜೊತೆ ಸ್ವಲ್ಪ ಹೊತ್ತು ಮಾತಾಡಬಹುದಾ ಅಂತಲೂ ಕೇಳಿ. ಒಪ್ಪಿದರೆ ಸರಿ. ಒಪ್ಪದಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.